ಅಗಲ ಸಾಲದ ಬೋರ್ಡಿಗೆ ಸಪೂರ ಅಕ್ಷರ: ಕಂಡೆನ್ಸ್ಡ್ ಫಾಂಟ್ ಬಳಸುವ ನನ್ನ ಕ್ರಮ

ಬೋರ್ಡು ಹತ್ತು ಅಡಿ ಅಗಲ, ಮೂರು ಅಡಿ ಎತ್ತರ. ಬರೆಯಬೇಕಾದ ಹೆಸರು ‘ಶ್ರೀ ಮಂಜುನಾಥ ಎಲೆಕ್ಟ್ರಿಕಲ್ಸ್’. ಮಾಮೂಲಿ ಅಗಲದ ದಪ್ಪ ಫಾಂಟಿನಲ್ಲಿ ಟೈಪ್ ಮಾಡಿದರೆ ಹೆಸರು ಬೋರ್ಡು ದಾಟಿ ಹೋಗುತ್ತದೆ. ಒಳಗೆ ಕೂರಿಸಲು ಹೋದರೆ ಅಕ್ಷರ ಕುಳ್ಳಾಗುತ್ತದೆ. ಆಗ ಡಿಟಿಪಿ ಅಂಗಡಿಗಳಲ್ಲಿ ಮಾಡುವುದು ಗೊತ್ತಿದ್ದದ್ದೇ. ಕೋರೆಲ್‌ಡ್ರಾ ಎಂಬ ವಿನ್ಯಾಸದ ಸಾಫ್ಟ್‌ವೇರಿನಲ್ಲಿ ಪಕ್ಕದ ಕಪ್ಪು ಚೌಕ ಹಿಡಿದು ಅಕ್ಷರವನ್ನು ಒಳಕ್ಕೆ ನೂಕುತ್ತಾರೆ. ಯಾವ ಪೇಟೆಬೀದಿಗೆ ಹೋದರೂ ಹೀಗೆ ಹಿಂಡಿಸಿಕೊಂಡ ಕನ್ನಡ ಕಾಣಸಿಗುತ್ತದೆ.

ಹಿಂಡಿದರೆ ಏನಾಗುತ್ತದೆ ಎಂಬುದು ಬರೀ ಲೆಕ್ಕ. ಅಕ್ಷರದ ಗೆರೆ ಸುತ್ತಲೂ 20 ಮಿಲಿಮೀಟರ್ ದಪ್ಪ ಇದೆ ಎಂದುಕೊಳ್ಳಿ. ಅಗಲವನ್ನು ಶೇ 70ಕ್ಕೆ ಇಳಿಸಿದರೆ ನಿಂತ ಗೆರೆಗಳು 14 ಮಿಲಿಮೀಟರ್ ಆಗುತ್ತವೆ, ಮಲಗಿದ ಗೆರೆಗಳು 20ರಲ್ಲೇ ಉಳಿಯುತ್ತವೆ. ಇಂಗ್ಲಿಷಿನ ‘ಎಚ್’ ಅಕ್ಷರದಲ್ಲಿ ಅಡ್ಡಪಟ್ಟಿ ದಪ್ಪ, ಕಾಲುಗಳು ಸಣ್ಣ. ಕನ್ನಡದಲ್ಲಿ ಇದು ಇನ್ನೂ ಕೆಟ್ಟದು, ಏಕೆಂದರೆ ನಮ್ಮ ಅಕ್ಷರಗಳು ಬಹುತೇಕ ದುಂಡು. ದುಂಡಿನ ಎಡಬಲದ ಬದಿ ಸವೆದು, ಮೇಲೆ ಕೆಳಗೆ ಮಾತ್ರ ದಪ್ಪ ಉಳಿಯುತ್ತದೆ. ತಲೆಕಟ್ಟು ಅಕ್ಷರದ ಮೇಲೆ ಹಲಗೆ ಇಟ್ಟಂತೆ ಭಾರ ಕಾಣುತ್ತದೆ. ದೂರದಿಂದ ಓದುವವರ ಕಣ್ಣಿಗೆ ಮೊದಲು ಬೀಳುವುದು ಆ ಅಡ್ಡಗೆರೆಗಳ ಸಾಲು, ಅಕ್ಷರವಲ್ಲ. ಶೇ 3ರಿಂದ 5ರಷ್ಟು ಹಿಂಡಿದರೆ ಯಾರಿಗೂ ತಿಳಿಯುವುದಿಲ್ಲ. ಅಲ್ಲಿಯವರೆಗೆ ನಾನೂ ಹಿಂಡುತ್ತೇನೆ. ಅದರಾಚೆಗೆ ಸಪೂರವಾಗಿಯೇ ಬಿಡಿಸಿದ ಫಾಂಟು, ಅಂದರೆ ಕಂಡೆನ್ಸ್ಡ್ ಫಾಂಟು ಬೇಕು.

ಕುಂಚ ಹಿಡಿದು ಬೋರ್ಡು ಬರೆಯುತ್ತಿದ್ದ ಪೇಂಟರುಗಳಿಗೆ ಈ ತೊಂದರೆ ಇರಲಿಲ್ಲ. ಚಪ್ಪಟೆ ಕುಂಚದ ಅಗಲ ಒಂದೇ. ಅಕ್ಷರವನ್ನು ಅಗಲ ಬರೆಯಲಿ, ಇಕ್ಕಟ್ಟಾಗಿ ಬರೆಯಲಿ, ಗೆರೆಯ ದಪ್ಪ ಬದಲಾಗುತ್ತಿರಲಿಲ್ಲ. ಕಡಿಮೆಯಾಗುತ್ತಿದ್ದದ್ದು ಅಕ್ಷರದ ಒಳಗಿನ ಜಾಗ ಮಾತ್ರ. ನಿಜವಾದ ಕಂಡೆನ್ಸ್ಡ್ ಫಾಂಟಿನಲ್ಲಿ ನಡೆಯುವುದೂ ಇದೇ. ಗೆರೆ ಉಳಿಯುತ್ತದೆ, ಒಳಜಾಗ ಕಿರಿದಾಗುತ್ತದೆ, ದುಂಡು ಬದಿಗಳು ನೆಟ್ಟಗಾಗುತ್ತವೆ. ‘ಓ’ ಎಂಬ ಇಂಗ್ಲಿಷ್ ಅಕ್ಷರ ವೃತ್ತವಾಗಿ ಉಳಿಯದೆ, ಮೇಲೆ ಕೆಳಗೆ ಮಾತ್ರ ತಿರುವಿರುವ ಉದ್ದನೆಯ ಕೊಳವೆ ಆಗುತ್ತದೆ. ಗೆರೆಯ ದಪ್ಪವೂ ಒಳಜಾಗವೂ ಅಕ್ಷರಗಳ ನಡುವಿನ ಸಂದೂ ಹೆಚ್ಚುಕಡಿಮೆ ಹೊಂದಿಕೊಂಡು ಬರುವುದರಿಂದ ಸಾಲು ಪೂರ್ತಿ ಒಂದೇ ಲಯದ ಕಂಬಿಗಳ ಹಾಗೆ ನಿಲ್ಲುತ್ತದೆ. ಇದೇ ಅದರ ಗುಣ, ಇದೇ ಅದರ ದೋಷ. ನಾಲ್ಕು ಪದಕ್ಕೆ ಗಟ್ಟಿ, ನಲವತ್ತು ಪದಕ್ಕೆ ಕಣ್ಣುನೋವು.

ಈ ಜಾತಿಯ ಅಕ್ಷರ ಹುಟ್ಟಿದ್ದೇ ಜಾಹೀರಾತಿಗೆ. ಗೆರೆಯ ತುದಿಯಲ್ಲಿ ಪಾದದಂಥ ಪುಟ್ಟ ಅಡ್ಡಗೆರೆ (ಸೆರಿಫ್) ಇಲ್ಲದ ಸಾನ್ಸ್ ಅಕ್ಷರ ಅಚ್ಚಿನ ಮೊಳೆಯಾಗಿ ಬಂದದ್ದು 1816ರಲ್ಲಿ, ಲಂಡನ್ನಿನ ನಾಲ್ಕನೇ ವಿಲಿಯಂ ಕ್ಯಾಸ್ಲನ್‌ನ ಮಾದರಿ ಪುಸ್ತಕದಲ್ಲಿ. ಅದರಲ್ಲಿ ಇದ್ದದ್ದು ಕ್ಯಾಪಿಟಲ್ ಅಕ್ಷರಗಳು ಮಾತ್ರ. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರದ ಅಕ್ಷರಗಳನ್ನು ಯಂತ್ರದಲ್ಲಿ ಕೊರೆಯಲು ಶುರುಮಾಡಿದ ಮೇಲೆ ದೊಡ್ಡ ದೊಡ್ಡ ಅಕ್ಷರಗಳು ಅಗ್ಗವಾದವು. ಪೋಸ್ಟರಿನ ಹಾಳೆಯ ಅಗಲ ಮೊದಲೇ ನಿಗದಿಯಾಗಿರುತ್ತಿತ್ತು. ಉದ್ದ ಪದವನ್ನು ಎತ್ತರವಾಗಿ ಕೂರಿಸಲು ಸಪೂರ ಅಕ್ಷರವೇ ಬೇಕಾಯಿತು. 1903ರಲ್ಲಿ ಅಮೆರಿಕನ್ ಟೈಪ್ ಫೌಂಡರ್ಸ್ ಕಂಪನಿಗಾಗಿ ಮಾರಿಸ್ ಫುಲ್ಲರ್ ಬೆಂಟನ್ ಮಾಡಿದ ಆಲ್ಟರ್ನೇಟ್ ಗಾಥಿಕ್ ಈ ಕೆಲಸಕ್ಕೆ ಮಾದರಿಯಂತಿದೆ. ಒಂದೇ ಅಕ್ಷರ, ಮೂರು ಅಗಲ. ಒಂದನೇ ನಂಬರಿನದು ಎಲ್ಲಕ್ಕಿಂತ ಸಪೂರ. ತಲೆಬರಹ ಅಂಕಣಕ್ಕೆ ಹಿಡಿಸದಿದ್ದರೆ ಮೊಳೆ ಜೋಡಿಸುವವನು ಪದ ಬದಲಿಸದೆ ನಂಬರ್ ಬದಲಿಸಬಹುದಿತ್ತು. ನಾವು ಇಂದು ವೇರಿಯಬಲ್ ಫಾಂಟಿನಲ್ಲಿ (ದಪ್ಪ, ಅಗಲಗಳನ್ನು ಬೇಕಾದಷ್ಟು ಹೆಚ್ಚುಕಡಿಮೆ ಮಾಡಬಹುದಾದ ಫಾಂಟಿನಲ್ಲಿ) ಅಗಲದ ಪಟ್ಟಿ ಎಳೆಯುವುದೂ ಅದನ್ನೇ ಮಾಡಲು.

ಇಂಗ್ಲಿಷಿಗೆ ಉಚಿತವಾಗಿ ಸಿಗುವವುಗಳಲ್ಲಿ ನಾನು ಬಳಸುವುದು ನಾಲ್ಕು. ಲೀಗ್ ಗಾಥಿಕ್ ಎಂಬುದು ಆಲ್ಟರ್ನೇಟ್ ಗಾಥಿಕ್ ಒಂದನೇ ನಂಬರಿನ ಪುನರುಜ್ಜೀವನ. ನಾಲ್ಕರಲ್ಲಿ ಅತ್ಯಂತ ಸಪೂರ. ಬೆಬಾಸ್ ನ್ಯೂ ಜಪಾನಿನ ರ್ಯೋಇಚಿ ತ್ಸುನೆಕಾವಾ ಮಾಡಿದ್ದು. ಅದರಲ್ಲಿ ಕ್ಯಾಪಿಟಲ್ ಮಾತ್ರ ಇದೆ, ಸಣ್ಣಕ್ಷರ ಒತ್ತಿದರೂ ಕ್ಯಾಪಿಟಲ್ಲೇ ಬೀಳುತ್ತದೆ. ಇದನ್ನು ತಿಳಿಯದೆ ಇಡೀ ಪ್ಯಾರಾ ಅದರಲ್ಲಿ ಹಾಕಿದವರಿದ್ದಾರೆ. ವರ್ನನ್ ಆಡಮ್ಸ್‌ನ ಓಸ್ವಾಲ್ಡ್ ಸ್ವಲ್ಪ ಅಗಲ, ಸಣ್ಣಕ್ಷರವೂ ಉಂಟು, ತೂಕ, ಅಂದರೆ ಗೆರೆಯ ದಪ್ಪದ ಅಳತೆ, 200ರಿಂದ 700ರವರೆಗೆ ಹಿಗ್ಗುತ್ತದೆ (400 ಮಾಮೂಲಿ, 700 ಬೋಲ್ಡ್). ಅವನದೇ ಆಂಟನ್ ಒಂದೇ ತೂಕದ್ದು, ಭಾರಿ ದಪ್ಪ. ವಿಂಡೋಸ್ ಜೊತೆಗೇ ಬರುವ ಇಂಪ್ಯಾಕ್ಟ್ (1965, ಜೆಫ್ರಿ ಲೀ) ಈ ಪಂಗಡದ ಹಳೆಯ ಪೈಲ್ವಾನ. ಅದರ ಒಳಜಾಗಗಳು ಸೀಳಿನಷ್ಟೇ ಇರುವುದರಿಂದ ಒಂದಿಂಚಿಗಿಂತ ಸಣ್ಣ ಅಳತೆಯಲ್ಲಿ ವಿನೈಲ್ ಕತ್ತರಿಸಲು ಹೋದರೆ ಕೆಲಸ ಕೆಡುತ್ತದೆ. ಮೀಮ್‌ಗಳಲ್ಲಿ ಅದನ್ನು ನೋಡಿ ನೋಡಿ ಸಾಕಾಗಿದೆ ಕೂಡ. ಗಂಭೀರ ಕೆಲಸಕ್ಕೆ ಅದನ್ನು ಹಾಕಿದರೆ ಜನ ತಮಾಷೆ ಎಂದುಕೊಳ್ಳುತ್ತಾರೆ.

ಕನ್ನಡಕ್ಕೆ ಬಂದರೆ ಆಯ್ಕೆ ಕಡಿಮೆ. ನಿಜಕ್ಕೂ ಅಗಲದ ಅಕ್ಷ ಇರುವವುಗಳಲ್ಲಿ ನಾನು ನೆಚ್ಚುವುದು ಎರಡು. ಒಂದು, ಮುಂಬೈನ ಏಕ್ ಟೈಪ್ ತಂಡದ ಅನೇಕ್ ಕನ್ನಡ: ತೂಕ 100ರಿಂದ 800, ಅಗಲ 75ರಿಂದ 125 (100 ಎಂದರೆ ಮಾಮೂಲಿ ಅಗಲ). ಇನ್ನೊಂದು ನೋಟೊ ಸಾನ್ಸ್ ಕನ್ನಡ: ಅಗಲ 62.5ರಿಂದ 100, ತೂಕ 900ರವರೆಗೆ. ನೋಟೊ ಓದುಬರಹಕ್ಕೆಂದು ಮಾಡಿದ್ದು. ಸಪೂರವಾದಾಗಲೂ ಸಭ್ಯವಾಗಿಯೇ ಇರುತ್ತದೆ, ಬೋರ್ಡಿನ ಮೇಲೆ ಕೂಗುವುದಿಲ್ಲ. ಅನೇಕ್‌ನಲ್ಲಿ ಆ ದನಿ ಇದೆ. ಅದರ 75ರ ಅಗಲ, 700ರ ತೂಕ ನನ್ನ ಆರಂಭದ ಜಾಗ. ಎರಡೂ ಮುಕ್ತ ಪರವಾನಗಿಯವು, ವ್ಯಾಪಾರದ ಕೆಲಸಕ್ಕೂ ದುಡ್ಡು ಕೊಡಬೇಕಿಲ್ಲ.

ಈಗ ಆ ಬೋರ್ಡಿಗೆ ಬರೋಣ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದು ಮೇಲ್ಭಾಗದಲ್ಲಿರಬೇಕು. ನಾನು ಇದನ್ನು ಎತ್ತರದ ಲೆಕ್ಕಕ್ಕೆ ಇಳಿಸಿಕೊಳ್ಳುತ್ತೇನೆ. ಮೂರು ಅಡಿ ಎಂದರೆ 914 ಮಿಲಿಮೀಟರ್. ಅದರ ಶೇ 60 ಅಂದರೆ 548. ಮೇಲೆ ಕೆಳಗೆ ತಲಾ 40 ಬಿಟ್ಟರೆ ಕನ್ನಡಕ್ಕೆ ಉಳಿಯುವುದು 468.

ಇಷ್ಟೂ ಎತ್ತರ ಅಕ್ಷರದ ಮೈಗೆ ಸಿಗುವುದಿಲ್ಲ. ತಲೆಕಟ್ಟಿನಿಂದ ತಳದವರೆಗಿನ ಅಳತೆಯನ್ನು ಮೈಎತ್ತರ ಎನ್ನೋಣ. ಅದರ ಮೇಲೆ ‘ಶ್ರೀ’, ‘ಕ್ಟ್ರಿ’ಗಳ ಗುಡಿಸು ಏರುತ್ತದೆ, ಕೆಳಗೆ ಒತ್ತು ಇಳಿಯುತ್ತದೆ. ಎರಡೂ ಸೇರಿದರೆ ಒಟ್ಟು ಎತ್ತರ ಮೈಎತ್ತರದ ಸುಮಾರು 1.8 ಪಟ್ಟು. 468ನ್ನು 1.8ರಿಂದ ಭಾಗಿಸಿದರೆ 260. ಅಂದರೆ ಅಕ್ಷರದ ಮೈ 260 ಮಿಲಿಮೀಟರ್‌ಗಿಂತ ಎತ್ತರ ಇರಲು ಸಾಧ್ಯವೇ ಇಲ್ಲ, ಫಾಂಟ್ ಎಷ್ಟೇ ಸಪೂರ ಇರಲಿ.

ಇನ್ನು ಅಗಲ. ಹೆಸರಿನಲ್ಲಿ ಹತ್ತು ಅಕ್ಷರಗುಚ್ಛ: ಶ್ರೀ, ಮಂ, ಜು, ನಾ, ಥ, ಎ, ಲೆ, ಕ್ಟ್ರಿ, ಕ, ಲ್ಸ್. ನಡುವೆ ಎರಡು ಖಾಲಿ ಜಾಗ. ಮಾಮೂಲಿ ಅಗಲದ ದಪ್ಪ ಕನ್ನಡದಲ್ಲಿ ಒಂದು ಗುಚ್ಛ ಸರಾಸರಿ ಮೈಎತ್ತರದ 1.35 ಪಟ್ಟು ಅಗಲ ಹಿಡಿಯುತ್ತದೆ ಎಂದು ಅಂದಾಜು ಇಟ್ಟುಕೊಂಡರೆ ಹೆಚ್ಚು ತಪ್ಪುವುದಿಲ್ಲ. ಹತ್ತಕ್ಕೆ 13.5, ಖಾಲಿ ಜಾಗಕ್ಕೆ 0.8, ಒಟ್ಟು 14.3 ಪಟ್ಟು. ಬೋರ್ಡಿನ ಒಳಅಗಲ 2900 ಹಿಡಿದರೆ ಮೈಎತ್ತರ 203ಕ್ಕೆ ನಿಲ್ಲುತ್ತದೆ. 75ರ ಅಗಲದಲ್ಲಿ ಒಂದು ಗುಚ್ಛ ಹೆಚ್ಚುಕಡಿಮೆ ಮೈಎತ್ತರದಷ್ಟೇ ಅಗಲ, ಒಟ್ಟು 10.7 ಪಟ್ಟು. ಆಗ 271 ಬರಬಹುದು, ಆದರೆ ಎತ್ತರದ ಮಿತಿ 260. ಅಲ್ಲಿಗೆ ನಿಲ್ಲಿಸಿದರೆ ಅಗಲದಲ್ಲಿ ನೂರು ಮಿಲಿಮೀಟರಿಗೂ ಹೆಚ್ಚು ಉಳಿಯುತ್ತದೆ. ಅದನ್ನು ಅಕ್ಷರಗಳ ಸಂದಿಗೆ ಹಂಚಬಹುದು, ಅಥವಾ ಅಗಲದ ಪಟ್ಟಿಯನ್ನು 75ರಿಂದ 78ಕ್ಕೆ ಎಳೆಯಬಹುದು. ನಾನು ಎಳೆಯುತ್ತೇನೆ. ವೇರಿಯಬಲ್ ಫಾಂಟಿನ ನಿಜವಾದ ಉಪಯೋಗ ಇಂಥಲ್ಲಿ; ಸಪೂರ ಬೇಕಾದಷ್ಟೇ ಸಪೂರ.

203 ಎಲ್ಲಿ, 260 ಎಲ್ಲಿ. ಅಕ್ಷರ ಶೇ 28ರಷ್ಟು ಎತ್ತರವಾಯಿತು. ಆದರೆ ಅಷ್ಟೇ ಶೇಕಡಾವಾರು ದೂರದಿಂದ ಓದಲು ಬರುತ್ತದೆಂದು ಗ್ರಾಹಕರಿಗೆ ಹೇಳಬೇಡಿ, ಅದು ಸುಳ್ಳು. ಬೋರ್ಡಿನ ಕಸುಬಿನಲ್ಲಿ ಹತ್ತು ಅಡಿ ದೂರಕ್ಕೆ ಒಂದಿಂಚು ಅಕ್ಷರ ಎಂಬ ರೂಢಿ ಇದೆ. ಅದು ತೆರೆದ, ಅಗಲ ಇಂಗ್ಲಿಷ್ ಅಕ್ಷರಕ್ಕೆ ಸರಿ. ಕಂಡೆನ್ಸ್ಡ್ ಕನ್ನಡಕ್ಕೆ ನಾನು ಏಳು ಅಡಿಗೆ ಒಂದಿಂಚು ಹಿಡಿಯುತ್ತೇನೆ. 260 ಮಿಲಿಮೀಟರ್ ಅಂದರೆ ಹತ್ತು ಇಂಚು ಚಿಲ್ಲರೆ, ಎಪ್ಪತ್ತು ಅಡಿ ದೂರಕ್ಕೆ ಸಾಕು. ಎದುರು ಬದಿಯ ಫುಟ್‌ಪಾತಿನಿಂದ ಓದಲು ಇದು ಬೇಕಾದಷ್ಟಾಯಿತು. ಹೆದ್ದಾರಿ ಪಕ್ಕದ ಬೋರ್ಡಿಗೆ ಸಪೂರ ಅಕ್ಷರದ ಹಟ ಬಿಟ್ಟು ಹೆಸರನ್ನೇ ಎರಡು ಸಾಲು ಮಾಡುವುದು ಮೇಲು.

ಎತ್ತರ ಹೆಚ್ಚಿದರೂ ಓದು ಅಷ್ಟು ಹೆಚ್ಚದಿರಲು ಕಾರಣ ನಮ್ಮ ಲಿಪಿಯಲ್ಲೇ ಇದೆ. ಇಂಗ್ಲಿಷಿನ ಅಕ್ಷರಗಳನ್ನು ಬಹುಮಟ್ಟಿಗೆ ಹೊರಗಿನ ಆಕಾರದಿಂದ ಗುರುತಿಸಬಹುದು. ಕನ್ನಡದಲ್ಲಿ ವ್ಯತ್ಯಾಸಗಳು ಒಳಗೆ ಅಡಗಿವೆ. ನಮ್ಮ ಹೆಸರಿನ ‘ಥ’ವನ್ನೇ ತೆಗೆದುಕೊಳ್ಳಿ. ಹೊಟ್ಟೆಯೊಳಗೆ ಒಂದು ಚುಕ್ಕೆ, ಕೆಳಗೆ ಒಂದು ಸೀಳು. ಚುಕ್ಕೆ ಹೋದರೆ ‘ಧ’, ಸೀಳೂ ಹೋದರೆ ‘ದ’. ಮಂಜುನಾಥ ಹೋಗಿ ಮಂಜುನಾದ ಆಗುತ್ತಾನೆ. ‘ಠ’ದ ಚುಕ್ಕೆ ಮುಚ್ಚಿದರೆ ‘ರ’. ‘ಪ’ ಮತ್ತು ‘ಫ’, ‘ಬ’ ಮತ್ತು ‘ಭ’, ‘ಡ’ ಮತ್ತು ‘ಢ’ ಇವುಗಳ ನಡುವೆ ಇರುವುದು ಸೀಳೊಂದೇ. ‘ಪ’ ಮತ್ತು ‘ಷ’ ನಡುವೆ ಒಳಗಿನ ಒಂದು ಗೆರೆ. ಅಗಲ ಕಡಿಮೆಯಾಗಿ ತೂಕ ಹೆಚ್ಚಿದಂತೆ ಮೊದಲು ಸಾಯುವುದು ಇವೇ. ಅದಕ್ಕೇ ಫಾಂಟು ಆರಿಸುವಾಗ ‘ಅ’ದಿಂದ ಶುರುಮಾಡಿ ನೋಡುವುದಿಲ್ಲ, ‘ಥ ಧ ಠ ಫ ಷ ಭ ಮ ಯ ಝ’ ಎಂದು ಟೈಪ್ ಮಾಡಿ ನೋಡುತ್ತೇನೆ. ‘ಮ’, ‘ಯ’, ‘ಝ’ ಯಾಕೆಂದರೆ ಒಂದೇ ಅಕ್ಷರದಲ್ಲಿ ಎಲ್ಲಕ್ಕಿಂತ ಹೆಚ್ಚು ನಿಂತ ಗೆರೆಗಳಿರುವುದು ಅವುಗಳಲ್ಲಿ. ಅಗಲ ಕಿರಿದಾದಾಗ ಅವು ಕಪ್ಪು ಮುದ್ದೆಯಾಗಿ ಉಳಿದ ಸಾಲಿನಿಂದ ಎದ್ದು ಕಾಣುತ್ತಿದ್ದರೆ ಒಂದು ಹಂತ ತೂಕ ಇಳಿಸಬೇಕು. 800 ಚೆಂದ ಕಂಡರೂ 700ಕ್ಕೆ, ಸಣ್ಣ ಅಳತೆಯಲ್ಲಿ 600ಕ್ಕೆ. ಗೆರೆಯ ದಪ್ಪ ಮೈಎತ್ತರದ ಆರೂವರೆಯಲ್ಲಿ ಒಂದು ಭಾಗದ ಆಸುಪಾಸು ಇದ್ದರೆ ನನಗೆ ಸಮಾಧಾನ. 260ಕ್ಕೆ ಅದು 40 ಮಿಲಿಮೀಟರ್.

ಒತ್ತಿನ ವಿಷಯ ಇನ್ನಷ್ಟು ಕಷ್ಟದ್ದು. ಇಂಗ್ಲಿಷ್ ಕ್ಯಾಪಿಟಲ್‌ನಲ್ಲಿ ಕೆಳಗೆ ಇಳಿಯುವುದು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಸಪೂರ ಮಾಡಿದ ಲಾಭವೆಲ್ಲ ಎತ್ತರಕ್ಕೆ ಸಿಗುತ್ತದೆ. ಸಾಲುಗಳ ಅಂತರವನ್ನು ಅಕ್ಷರದ ಅಳತೆಯ 0.9 ಪಟ್ಟಿಗೆ ಇಳಿಸಿ ಇಟ್ಟಿಗೆ ಪೇರಿಸಿದಂತೆ ಪೇರಿಸಬಹುದು. ಕನ್ನಡದಲ್ಲಿ ಅಕ್ಷರ ಎತ್ತರವಾದಂತೆ ಒತ್ತೂ ಆಳಕ್ಕೆ ಹೋಗುತ್ತದೆ. ಎರಡು ಸಾಲಿನ ತಲೆಬರಹದಲ್ಲಿ ಅಂತರವನ್ನು 1.3ಕ್ಕಿಂತ ಕೆಳಗೆ ಇಳಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ. ‘ರಾಜ್ಯೋತ್ಸವ’ ಮೇಲೆ, ‘ಕವಿಗೋಷ್ಠಿ’ ಕೆಳಗೆ ಬಂದರೆ ‘ತ್ಸ’ದ ಒತ್ತು ‘ಷ್ಠಿ’ಯ ಗುಡಿಸಿನ ಮೇಲೇ ಕೂರುವ ಸಂಭವ ಇದೆ. ಅಂತರ ಹೆಚ್ಚಿಸುವುದು ಸುಲಭದ ದಾರಿ, ಆದರೆ ತಲೆಬರಹ ಒಡೆದುಹೋಗುತ್ತದೆ. ನಾನು ಮೊದಲು ಕೆಳಗಿನ ಸಾಲನ್ನು ಎಡಕ್ಕೋ ಬಲಕ್ಕೋ ಅರ್ಧ ಅಕ್ಷರ ಸರಿಸಿ ನೋಡುತ್ತೇನೆ. ಒತ್ತು ಎರಡು ಗುಡಿಸುಗಳ ನಡುವಿನ ತಗ್ಗಿಗೆ ಬಿದ್ದರೆ 1.15ಕ್ಕೂ ಇಳಿಸಲು ಬರುತ್ತದೆ. ಪದ ಒಡೆಯುವ ಸ್ವಾತಂತ್ರ್ಯ ಇದ್ದರೆ ಒತ್ತು ಹೆಚ್ಚಿರುವ ಪದವನ್ನು ಕೊನೆಯ ಸಾಲಿಗೆ ತಳ್ಳಿ, ಅಲ್ಲಿ ಅದು ಎಷ್ಟು ಇಳಿದರೂ ತಡೆಯುವವರಿಲ್ಲ.

‘ಕ್ಟ್ರಿ’ಯಂಥ ಎರಡೊತ್ತಿನ ಗುಚ್ಛವನ್ನು ಪ್ರತಿ ಫಾಂಟಿನಲ್ಲೂ ಬೇರೆಯಾಗಿ ನೋಡಬೇಕು. ಕೆಲವು ಫಾಂಟುಗಳು ಎರಡನೇ ಒತ್ತನ್ನು ಪಕ್ಕಕ್ಕೆ ಇಡುತ್ತವೆ, ಕೆಲವು ಕೆಳಕ್ಕೆ. ಪಕ್ಕಕ್ಕಿಟ್ಟರೆ ಅಗಲ ಹೋಯಿತು, ಕೆಳಕ್ಕಿಟ್ಟರೆ ಎತ್ತರ ಹೋಯಿತು. ಇಲ್ಲಿ ನಮ್ಮ ಕೈಯಲ್ಲೂ ಒಂದೆರಡು ಕೀಲಿಗಳಿವೆ. ‘ಹಾರ್ಡ್‌ವೇರ್’ ಎಂದು ನಾನ್‌ಜಾಯ್ನರ್ (ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಚಿಹ್ನೆ) ಹಾಕಿ ಬರೆದರೆ ‘ವ’ ಪೂರ್ಣಾಕ್ಷರವಾಗಿ ಪಕ್ಕದಲ್ಲಿ ನಿಲ್ಲುತ್ತದೆ, ಅಗಲ ತಿನ್ನುತ್ತದೆ. ಹಾಕದಿದ್ದರೆ ‘ಹಾರ್ಡ್ವೇರ್’ ಆಗಿ ಒತ್ತು ಕೆಳಗಿಳಿಯುತ್ತದೆ. ಓದಲು ಮೊದಲನೆಯದೇ ಸರಿ, ಅಗಲ ಉಳಿಸಲೆಂದು ಅದನ್ನು ಕಳೆಯಬೇಡಿ. ಅರ್ಕಾವತ್ತಿನಲ್ಲಿ ಮಾತ್ರ ಆಟಕ್ಕೆ ಜಾಗವಿದೆ. ‘ಸೂರ್ಯ’ದಲ್ಲಿ ಅರ್ಕಾವತ್ತು ‘ಯ’ದ ಬಲಕ್ಕೆ ಕೂತು ಅರ್ಧ ಅಕ್ಷರದಷ್ಟು ಅಗಲ ತೆಗೆದುಕೊಳ್ಳುತ್ತದೆ. ‘ರ’ ಆದಮೇಲೆ ಜಾಯ್ನರ್ (ಅಂಥದೇ ಇನ್ನೊಂದು ಕಾಣದ ಚಿಹ್ನೆ) ಹಾಕಿ ಒತ್ತು ಬರೆದರೆ ‘ಸೂರ‍್ಯ’ ಆಗುತ್ತದೆ. ‘ಯ’ ಒತ್ತಾಗಿ ಕೆಳಗಿಳಿದು ಅದರ ಜಾಗದಲ್ಲಿ ಕಿರಿದಾದ ‘ರ’ ನಿಲ್ಲುವುದರಿಂದ ಸಾಲಿನ ಅಗಲ ಕಡಿಮೆಯಾಗುತ್ತದೆ. ಎರಡೂ ಚಾಲ್ತಿಯಲ್ಲಿರುವ ರೂಪಗಳೇ. ಆದರೆ ಅಂಗಡಿಯ ಹೆಸರು ಅವರ ಬಿಲ್‌ಪುಸ್ತಕದಲ್ಲಿ ಹೇಗಿದೆಯೋ ಹಾಗೇ ಇರಲಿ. ಕೇಳದೆ ಬದಲಾಯಿಸಿದರೆ ಬೋರ್ಡು ವಾಪಸ್ ಬರುತ್ತದೆ.

ಅಕ್ಷರಗಳ ಸಂದಿನ ಬಗ್ಗೆ ಇಂಗ್ಲಿಷಿನ ಪಾಠ ಕನ್ನಡಕ್ಕೆ ಹೊಂದುವುದಿಲ್ಲ. ಬೆಬಾಸ್, ಲೀಗ್ ಗಾಥಿಕ್‌ಗಳನ್ನು ಅಡಿಗಟ್ಟಲೆ ದೊಡ್ಡದು ಮಾಡಿದಾಗ ಟ್ರ್ಯಾಕಿಂಗನ್ನು ಮೈನಸ್ 10ರಿಂದ ಮೈನಸ್ 20ಕ್ಕೆ ಇಳಿಸಿದರೆ ಪದ ಬಿಗಿಯಾಗಿ ನಿಲ್ಲುತ್ತದೆ. ಸಣ್ಣ ಅಳತೆಯಲ್ಲಿ ಪ್ಲಸ್ 30, 40 ಕೊಡಬೇಕು. ಕನ್ನಡಕ್ಕೆ ಮೈನಸ್ ಕೊಟ್ಟರೆ ಪಕ್ಕಪಕ್ಕದ ತಲೆಕಟ್ಟುಗಳು ಅಂಟಿಕೊಂಡು ದೇವನಾಗರಿಯ ಹಾಗೆ ಮೇಲೊಂದು ಗೆರೆ ಎಳೆದಂತಾಗುತ್ತದೆ. ಸೊನ್ನೆಯಿಂದ ಶುರುಮಾಡಿ ಪ್ಲಸ್ 15, 25ರವರೆಗೆ ಹೋಗಬಹುದು. ಪದಗಳ ನಡುವಿನ ಖಾಲಿ ಜಾಗ ಕಂಡೆನ್ಸ್ಡ್ ಫಾಂಟುಗಳಲ್ಲಿ ತೀರಾ ಕಿರಿದು. ‘ಶ್ರೀ’ಯ ದೀರ್ಘ ಬಲಕ್ಕೆ ಚಾಚಿರುವುದರಿಂದ ಅದರ ಮುಂದಿನ ಜಾಗ ಇನ್ನೂ ಕಿರಿದಾಗಿ ‘ಶ್ರೀಮಂಜುನಾಥ’ ಎಂದೇ ಓದಿಸಿಕೊಳ್ಳುತ್ತದೆ. ಆ ಒಂದು ಜಾಗವನ್ನು ಕೈಯಿಂದಲೇ ಒಂದೂವರೆ ಪಟ್ಟು ಮಾಡಬೇಕು.

ಇದೆಲ್ಲ ಯೂನಿಕೋಡ್ ಫಾಂಟಿನ ಮಾತು. ಹಳೆಯ ನುಡಿ, ಶ್ರೀಲಿಪಿ ಮಾದರಿಯ ಆಸ್ಕಿ ಫಾಂಟುಗಳಲ್ಲಿ ಒಂದು ಅಕ್ಷರ ಹಲವು ತುಂಡುಗಳ ಜೋಡಣೆ. ಅಲ್ಲಿ ಟ್ರ್ಯಾಕಿಂಗ್ ಹೆಚ್ಚಿಸಿದರೆ ಒತ್ತು ಒಂದು ಕಡೆ, ದೀರ್ಘ ಇನ್ನೊಂದು ಕಡೆ ಜಾರುತ್ತದೆ. ಆ ಫಾಂಟೇ ಬೇಕೆಂದು ಹಟ ಹಿಡಿದರೆ ಕರ್ವ್ ಮಾಡಿ (ಅಕ್ಷರವನ್ನು ಬರೀ ಗೆರೆಚಿತ್ರವಾಗಿ ಬದಲಿಸಿ), ಗುಚ್ಛಗಳನ್ನು ಗ್ರೂಪ್ ಮಾಡಿ, ಕೈಯಿಂದ ಸರಿಸುವುದೊಂದೇ ದಾರಿ.

ಇಂಗ್ಲಿಷ್ ಸಾಲನ್ನು ಜೋಡಿಸುವಾಗ ಸುಲಭದ ದಾರಿ ಅನೇಕ್ ಕನ್ನಡದೊಳಗೇ ಇರುವ ಇಂಗ್ಲಿಷ್ ಅಕ್ಷರ. ತೂಕ, ಅಗಲ ಎರಡೂ ಹೊಂದಿಸಿಯೇ ಬಂದಿರುತ್ತವೆ. ಬೆಬಾಸ್ ಬೇಕೇ ಬೇಕೆಂದರೆ ಎರಡು ಲಿಪಿಯ ನಿಂತ ಗೆರೆಗಳನ್ನು ಅಳೆದು ನೋಡಿ. ಅಕ್ಕಪಕ್ಕ ಒಂದೇ ಸಾಲಿನಲ್ಲಿ ಇಡುವುದಾದರೆ ದಪ್ಪದ ವ್ಯತ್ಯಾಸ ಶೇ 10 ಮೀರಬಾರದು, ಕನ್ನಡದ ಮೈಎತ್ತರ ಇಂಗ್ಲಿಷ್ ಕ್ಯಾಪಿಟಲ್‌ನ ಶೇ 85ರಿಂದ 90 ಇರಲಿ. ಸಮಸಮ ಇಟ್ಟರೆ ಗುಡಿಸು, ಒತ್ತು ಸೇರಿ ಕನ್ನಡ ದೈತ್ಯನಾಗಿ ಕಾಣುತ್ತದೆ. ನಮ್ಮ ಬೋರ್ಡಿನಲ್ಲಿ ಇಂಗ್ಲಿಷ್ ಕೆಳಗಿನ ಸಾಲಿನಲ್ಲಿದೆ. 24 ಕ್ಯಾಪಿಟಲ್ ಅಕ್ಷರ. ಬೆಬಾಸ್‌ನಲ್ಲಿ ಒಂದರ ಸರಾಸರಿ ಅಗಲ ಎತ್ತರದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. 120 ಮಿಲಿಮೀಟರ್ ಎತ್ತರ ಇಟ್ಟರೆ ಉದ್ದ 1.7 ಮೀಟರ್ ಆಸುಪಾಸು. ಅಗಲ ಖಾಲಿ ಇದೆ ಎಂದು ಇದನ್ನು ಹಿಗ್ಗಿಸುವ ಆಸೆ ಬರುತ್ತದೆ. ಹಿಗ್ಗಿಸಿದರೆ ಕನ್ನಡದ ಸಾಲಿಗೇ ಪೈಪೋಟಿ. ಆ ಖಾಲಿ ಜಾಗದಲ್ಲಿ ಫೋನ್ ನಂಬರ್ ಬರಲಿ.

ಫೋನ್ ನಂಬರಿಗೂ ವಿಳಾಸಕ್ಕೂ ಕಂಡೆನ್ಸ್ಡ್ ಬೇಡ. ಸಪೂರ ಅಂಕಿಗಳಲ್ಲಿ 3, 6, 8, 9 ಒಂದನ್ನೊಂದು ಹೋಲುತ್ತವೆ. ಹತ್ತು ಅಂಕಿಯಲ್ಲಿ ಒಂದು ತಪ್ಪಿದರೂ ನಂಬರ್ ದಂಡ. ಅದಕ್ಕೆ ಅನೇಕ್‌ನದೇ 100ರ ಅಗಲ, 500ರ ತೂಕ. ಬೆಲೆಪಟ್ಟಿಗೆ ಸಪೂರ ಅಂಕಿ ಚೆನ್ನ, ಆದರೆ ರೂಪಾಯಿ ಚಿಹ್ನೆ ಫಾಂಟಿನಲ್ಲಿದೆಯೇ ನೋಡಿಕೊಳ್ಳಿ. ಆ ಚಿಹ್ನೆ ಬಂದದ್ದೇ 2010ರಲ್ಲಿ. ಇಲ್ಲದ ಫಾಂಟಿನಲ್ಲಿ ಸಾಫ್ಟ್‌ವೇರ್ ತಾನೇ ಬೇರೆ ಫಾಂಟಿನಿಂದ ಒಂದು ಅಗಲ, ತೆಳು ಚಿಹ್ನೆ ತಂದಿಟ್ಟು ಸುಮ್ಮನಿರುತ್ತದೆ, ಪ್ರಿಂಟ್ ಆದಮೇಲೆ ಕಣ್ಣಿಗೆ ಬೀಳುತ್ತದೆ.

ಪ್ರೂಫ್ ನೋಡಲು ಒಂದು ಅಡಿಗೆ ಒಂದಿಂಚು ಅಳತೆ ಅನುಕೂಲ. ಹತ್ತು ಅಡಿಯ ಬೋರ್ಡು ಹತ್ತು ಇಂಚಾಗಿ ಎ4 ಹಾಳೆಯಲ್ಲಿ ಅಡ್ಡಲಾಗಿ ಹಿಡಿಸುತ್ತದೆ. ದೂರವೂ ಅದೇ ಪ್ರಮಾಣದಲ್ಲಿ ಇಳಿಯುವುದರಿಂದ ಗೋಡೆಗೆ ಅಂಟಿಸಿ ಐದು ಅಡಿ ಹಿಂದೆ ನಿಂತು ನೋಡಿದರೆ ಅರವತ್ತು ಅಡಿಯಿಂದ ನೋಡಿದಂತೆ. ಹೆಸರು ಗೊತ್ತಿಲ್ಲದ ಒಬ್ಬರಿಂದ ಓದಿಸಿ. ನಮಗೆ ಹೆಸರು ಬಾಯಿಪಾಠ ಆಗಿರುವುದರಿಂದ ಚುಕ್ಕೆ ಮುಚ್ಚಿದ್ದರೂ ‘ಥ’ ಎಂದೇ ಕಾಣುತ್ತದೆ.

ಫೈಲಿನ ಕಡೆ ಬಂದರೆ, ಇಲ್ಲಸ್ಟ್ರೇಟರ್, ಇನ್‌ಡಿಸೈನ್, ಹಳೆಯ ಫೋಟೋಶಾಪ್‌ಗಳಲ್ಲಿ ಭಾರತೀಯ ಲಿಪಿ ಜೋಡಿಸುವ ಸೆಟ್ಟಿಂಗ್ (ವರ್ಲ್ಡ್-ರೆಡಿ ಕಂಪೋಸರ್ ಮುಂತಾದದ್ದು) ಆನ್ ಮಾಡದಿದ್ದರೆ ಒತ್ತುಗಳು ಒಡೆದು ಬೀಳುತ್ತವೆ. ಇಂಕ್‌ಸ್ಕೇಪ್‌ನಲ್ಲಿ ಆ ರಗಳೆ ಇಲ್ಲ. ಹಳೆಯ ಕೋರೆಲ್‌ಗೆ ವೇರಿಯಬಲ್ ಫಾಂಟ್ ಅರ್ಥವಾಗುವುದಿಲ್ಲ; ಗೂಗಲ್ ಫಾಂಟ್ಸ್‌ನಿಂದ ಇಳಿಸಿದ ಜಿಪ್‌ನೊಳಗೆ ಸ್ಟ್ಯಾಟಿಕ್ ಎಂಬ ಫೋಲ್ಡರ್ ಇರುತ್ತದೆ, ಅದರಲ್ಲಿರುವ ಕಂಡೆನ್ಸ್ಡ್ ಬೋಲ್ಡ್ ಫೈಲನ್ನು ಹಾಕಿಕೊಳ್ಳಿ. ಕಟಿಂಗಿಗೆ ಕಳಿಸುವ ಮುನ್ನ ಕರ್ವ್ ಮಾಡಲೇಬೇಕು, ಅವರ ಬಳಿ ಈ ಫಾಂಟ್ ಇರುವುದಿಲ್ಲ. ಆಮೇಲೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ವೇರಿಯಬಲ್ ಫಾಂಟಿನ ಅಕ್ಷರಗಳನ್ನು ಒಂದರ ಮೇಲೊಂದು ಹಾಯ್ದ ತುಂಡುಗಳಿಂದ ಕಟ್ಟಿರುತ್ತಾರೆ. ತೆರೆಯ ಮೇಲೆ ಒಂದೇ ಮೈಯಾಗಿ ಕಾಣುತ್ತದೆ, ಆದರೆ ಕರ್ವ್ ಮಾಡಿದಾಗ ಹಾಯ್ದ ಗೆರೆಗಳು ಹಾಗೇ ಉಳಿಯುತ್ತವೆ. ವಿನೈಲ್ ಹಾಳೆ ಕತ್ತರಿಸುವ ಪ್ಲಾಟರ್ ಯಂತ್ರ ಆ ಒಳಗೆರೆಗಳನ್ನೂ ಕತ್ತರಿಸುತ್ತದೆ, ತಲೆಕಟ್ಟು ಒಂದು ಚೂರು, ಹೊಟ್ಟೆ ಇನ್ನೊಂದು ಚೂರು ಆಗಿ ವಿನೈಲ್ ಕೈಗೆ ಬರುತ್ತದೆ. ವೈರ್‌ಫ್ರೇಮ್ ನೋಟಕ್ಕೆ ಹೋಗಿ ಪರೀಕ್ಷಿಸಿ, ಕೋರೆಲ್‌ನಲ್ಲಿ ವೆಲ್ಡ್, ಇಲ್ಲಸ್ಟ್ರೇಟರ್‌ನಲ್ಲಿ ಯುನೈಟ್ ಕೊಡಿ. ‘ಥ’ದ ಚುಕ್ಕೆ ಮೈಗೆ ಅಂಟಿರದ ಬಿಡಿ ತುಂಡಾದರೆ ಅಕ್ರಿಲಿಕ್ ಕೆಲಸದವರಿಗೆ ಬರೆದು ತಿಳಿಸಿ, ಇಲ್ಲದಿದ್ದರೆ ಕಸದ ಜೊತೆ ಅದೂ ಹೋಗುತ್ತದೆ.

ಅಕ್ಷರ ಕೊರೆಯುವ ಸಿಎನ್‌ಸಿ ರೂಟರ್ ಯಂತ್ರಕ್ಕೆ 3 ಮಿಲಿಮೀಟರ್ ಬಿಟ್ (ಕೊರೆಯುವ ಮೊನೆ) ಹಾಕಿದ್ದರೆ ಅದಕ್ಕಿಂತ ಕಿರಿದಾದ ಸೀಳು ಕೊರೆಯಲು ಆಗುವುದಿಲ್ಲ, ಒಳಮೂಲೆಗಳೂ ಒಂದೂವರೆ ಮಿಲಿಮೀಟರ್ ದುಂಡಾಗುತ್ತವೆ. 260ರ ಅಕ್ಷರಕ್ಕೆ ಇದು ಲೆಕ್ಕಕ್ಕಿಲ್ಲ. ಬಾಗಿಲ ಪಕ್ಕದ 25 ಮಿಲಿಮೀಟರ್ ಅಕ್ಷರದ ಫಲಕಕ್ಕೆ ಇದೇ ದೊಡ್ಡ ತೊಡಕು. ಅಲ್ಲಿ 75ರ ಅಗಲ ಬಿಟ್ಟು 90ಕ್ಕೆ ಬನ್ನಿ. ಒಳಗೆ ಎಲ್‌ಇಡಿ ಇಟ್ಟು ಬೆಳಗುವ ಅಕ್ಷರವಾದರೆ ತೂಕವನ್ನು ಮತ್ತೊಂದು ಹಂತ ಇಳಿಸಬೇಕು. ರಾತ್ರಿ ಬೆಳಕು ಗೆರೆಯ ಅಂಚು ಮೀರಿ ಹರಡಿ ಸೀಳು, ಚುಕ್ಕೆಗಳನ್ನು ಮುಚ್ಚುತ್ತದೆ. ಆದರೆ ಗೆರೆ 25 ಮಿಲಿಮೀಟರ್‌ಗಿಂತ ಸಣ್ಣದಾದರೆ ಮಾಡ್ಯೂಲ್ ಕೂರಿಸಲು ಜಾಗ ಸಾಲದು. ಈ ಎರಡರ ನಡುವೆ ಹೊಂದದಿದ್ದರೆ ಅಕ್ಷರದ ಒಳಗಿನ ಬೆಳಕನ್ನು ಬಿಟ್ಟು, ಹಿಂದಿನಿಂದ ಗೋಡೆಗೆ ಬೀಳುವ ಬೆಳಕಿಗೆ ಹೋಗುತ್ತೇನೆ. ಸಪೂರ ಕನ್ನಡಕ್ಕೆ ಅದೇ ಹೆಚ್ಚು ಒಪ್ಪುತ್ತದೆ.

ವಿಡಿಯೊ ಥಂಬ್‌ನೇಲ್‌ಗಳಲ್ಲೂ ಇದೇ ಅಕ್ಷರ ಕೇಳುತ್ತಾರೆ. 1280ಕ್ಕೆ 720 ಪಿಕ್ಸೆಲ್‌ನ ಚಿತ್ರ ಮೊಬೈಲಿನಲ್ಲಿ ಹೆಬ್ಬೆರಳಿನಷ್ಟಾಗುತ್ತದೆ. ಕನ್ನಡದ ಮೈಎತ್ತರ 110 ಪಿಕ್ಸೆಲ್‌ಗಿಂತ ಕಡಿಮೆ ಬೇಡ, ಪದಗಳು ನಾಲ್ಕು ಮೀರಬಾರದು. ಅಕ್ಷರಕ್ಕೆ ಕಪ್ಪು ಅಂಚು ಹಾಕುವಾಗ ಅದನ್ನು ಹೊರಗಡೆಗೆ ಮಾತ್ರ ಕೊಡಿ. ಅಕ್ಷರದ ಹೊರರೇಖೆಯಿಂದ ಒಳಕ್ಕೂ ಹೊರಕ್ಕೂ ಹಿಗ್ಗುವ ಅಂಚು ಸಪೂರ ಅಕ್ಷರದ ಗೆರೆಯನ್ನೇ ಅರ್ಧ ತಿಂದುಬಿಡುತ್ತದೆ. ಕೆಳಗಿನ ಬಲಮೂಲೆಯಲ್ಲಿ ವಿಡಿಯೊದ ಅವಧಿ ಬರುವುದರಿಂದ ಕೊನೆಯ ಪದದ ಒತ್ತು ಅಲ್ಲಿ ಬೀಳದ ಹಾಗೆ ಸಾಲನ್ನು ಎಡಕ್ಕೆ ಹಿಡಿದು ಜೋಡಿಸಿ.